ಮನೆಯಲ್ಲೇ ಕೂತು ಸಿಎ ಇಂಟರ್ ಓದುವ ಮಕ್ಕಳನ್ನು ಹೆದರಿಸಬೇಡಿ

ನಿನ್ನೆ ಸಂಬಂಧಿಕರ ಗೃಹಪ್ರವೇಶದಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಬರೆಯದೆ ಇದ್ದರೆ ಇವತ್ತು ನಿದ್ದೆಯೂ ಬರುವುದಿಲ್ಲ.

ಅಕ್ಕನ ಮಗಳು ಬಿ.ಕಾಂ. ಮುಗಿಸಿ ಸಿಎ ಇಂಟರ್‌ಗೆ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಪರೀಕ್ಷೆಗಳ ಎರಡನೇ ಹಂತಕ್ಕೆ, ರಿಜಿಸ್ಟರ್ ಆಗಿದ್ದಾಳೆ. ಕಾಮರ್ಸ್ ಡಿಗ್ರಿಯಲ್ಲಿ 55 ಪರ್ಸೆಂಟ್ ಇದ್ದರೆ ಮೊದಲ ಹಂತದ ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಗೆ ಬರಬಹುದು. ಹಾಗೆ ಬಂದವಳು. ಊಟಕ್ಕೆ ಕೂತಾಗ ಹಿರಿಯರೊಬ್ಬರು "ಯಾವ ಕೋಚಿಂಗಮ್ಮಾ?" ಅಂತ ಕೇಳಿದರು. "ಮನೇಲೇ ಓದ್ತಿದ್ದೀನಿ ಅಂಕಲ್" ಅಂದಳು. ಅವರು ತಕ್ಷಣ ನಮ್ಮ ಭಾವನ ಕಡೆ ತಿರುಗಿದರು. "ಏನ್ರೀ, ಮನೇಲಿ ಕೂತು ಪಾಸಾಗೋಕೆ ಇದೇನು ಪಿಯುಸಿನಾ? ಸಾಲ ಮಾಡಿಯಾದ್ರೂ ಬೆಂಗಳೂರಿಗೆ ಕಳಿಸಿ. ಇಲ್ಲಾಂದ್ರೆ ಸುಮ್ನೆ ಮದುವೆ ಮಾಡಿ" ಅಂದರು.

ಭಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಹುಡುಗಿ ಹೋಳಿಗೆ ಹಾಗೇ ಬಿಟ್ಟು ಎದ್ದಳು. ನನಗೆ ಮೈಯೆಲ್ಲ ಉರಿಯಿತು.

ನಾನು ದಾವಣಗೆರೆಯ ಒಂದು ಆಡಿಟ್ ಆಫೀಸಿನಲ್ಲಿ ವೋಚರ್ ಚೆಕ್ ಮಾಡುತ್ತಾ, ಸಂಜೆ ಮನೆಗೆ ಬಂದು ಓದಿದವಳು ಅಂತ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಇದೇ ಮಾತನ್ನು ನನಗೂ ಹೇಳಿದ್ದರು. ಮನೆಗೆ ಬಂದವರು, ಕಾಲೇಜಿನವರು, ಪರೀಕ್ಷೆ ಬರೆದೇ ಇಲ್ಲದವರು, ಎಲ್ಲರೂ. ಒಂದು ವಿಷಯ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ರಿಸಲ್ಟ್ ಬಂದು ಪಾಸ್ ಅಂತ ಕಂಡ ದಿನ ನನಗೆ ಮೊದಲು ಬಂದದ್ದು ಸಂತೋಷ ಅಲ್ಲ, ಸಿಟ್ಟು. ಆ ಮಾತುಗಳನ್ನು ನಂಬಿ ಅಪ್ಪ ರಾತ್ರಿಯೆಲ್ಲ ಕೊರಗಿದ್ದರಲ್ಲ, ಅದಕ್ಕೆ.

ಹೆದರಿಸುವವರಿಗೆ ಈ ಪರೀಕ್ಷೆ ಹೇಗಿದೆ ಅನ್ನುವುದಾದರೂ ಗೊತ್ತಿರಬೇಕಲ್ವಾ? ಹೊಸ ಸ್ಕೀಮಿನ ಇಂಟರ್ ಪರೀಕ್ಷೆ ಶುರುವಾದದ್ದು 2024ರ ಮೇ ತಿಂಗಳಿಂದ. ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಮೊದಲ ಗ್ರೂಪಿನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್, ಲಾ, ಟ್ಯಾಕ್ಸ್. ಎರಡನೆಯದರಲ್ಲಿ ಕಾಸ್ಟಿಂಗ್, ಆಡಿಟ್, ಮತ್ತೆ ಎಫ್‌ಎಂ-ಎಸ್‌ಎಂ (ಫೈನಾನ್ಶಿಯಲ್ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್). ಪ್ರತಿ ಪೇಪರಿನಲ್ಲಿ 30 ಅಂಕ ಎಂಸಿಕ್ಯೂ (ಸರಿ ಉತ್ತರ ಆರಿಸುವುದು), 70 ಅಂಕ ಬರೆಯುವುದು. ಪ್ರತಿ ಪೇಪರಿನಲ್ಲಿ 40 ಬೇಕು, ಗ್ರೂಪಿಗೆ 300ಕ್ಕೆ 150 ಬೇಕು. ಮೂರರಲ್ಲೂ ನಲವತ್ತು ನಲವತ್ತು ತೆಗೆದರೆ 120 ಆಗುತ್ತದೆ, ಫೇಲ್. ಆದರೆ ಹಾಗೆ ಗ್ರೂಪ್ ಹೋದರೂ ಒಂದು ಪೇಪರಿನಲ್ಲಿ 60 ಬಂದಿದ್ದರೆ ಮುಂದಿನ ಮೂರು ಅಟೆಂಪ್ಟ್ ತನಕ ಅದನ್ನು ಮತ್ತೆ ಬರೆಯಬೇಕಿಲ್ಲ. ಒಬ್ಬರೇ ಓದುವವರಿಗೆ ಇಂಥದ್ದನ್ನು ಹೇಳಿಕೊಡಿ, ಉಪಯೋಗ ಆಗುತ್ತದೆ. "ಆಗಲ್ಲ" ಅನ್ನುವುದರಿಂದ ಯಾರಿಗೆ ಏನು ಸಿಕ್ಕಿತು?

ಇನ್ನು ಓದಲು ಏನಿದೆ ಅಂತ ಕೇಳುತ್ತೀರಾ? ಸಿಎ ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟ್ ಐಸಿಎಐನ ಸ್ಟಡಿ ಮೆಟೀರಿಯಲ್ ಅವರ ಪೋರ್ಟಲ್‌ನಲ್ಲೇ ಪುಕ್ಕಟೆ ಇದೆ. ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್), ಎಂಟಿಪಿ (ಮಾಕ್ ಟೆಸ್ಟ್ ಪೇಪರ್), ಹಳೆಯ ಪ್ರಶ್ನೆಪತ್ರಿಕೆ, ಅವಕ್ಕೆ ಸಜೆಸ್ಟೆಡ್ ಆನ್ಸರ್ ಕೂಡ ಇವೆ. ಇನ್‌ಸ್ಟಿಟ್ಯೂಟೇ ಪುಕ್ಕಟೆ ಆನ್‌ಲೈನ್ ಕ್ಲಾಸ್ ನಡೆಸುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವುದೂ ಅದೇ ಇನ್‌ಸ್ಟಿಟ್ಯೂಟ್. ಎರಡೂ ಗ್ರೂಪಿಗೆ ರಿಜಿಸ್ಟ್ರೇಷನ್ ಅಂತ 18,000 ರೂಪಾಯಿ ಕಟ್ಟುವಾಗಲೇ ನಮ್ಮಂಥ ಮನೆಗಳಲ್ಲಿ ಕೈ ನಡುಗುತ್ತದೆ. ಅದರ ಮೇಲೆ ಬೆಂಗಳೂರಿನ ಪಿಜಿ, ಊಟ, ಕ್ಲಾಸ್ ಫೀಸು. ಸಾಲ ಮಾಡಿ ಅನ್ನುವವರು ಆ ಸಾಲದ ಒಂದು ಕಂತಾದರೂ ಕಟ್ಟುತ್ತಾರಾ?

ಒಬ್ಬರೇ ಓದಿದರೆ ಅರ್ಥ ಆಗಲ್ಲ ಅನ್ನುತ್ತಾರೆ. ನಮ್ಮ ಹುಡುಗಿ ಹೋದ ತಿಂಗಳು ಎಎಸ್ 2 ಓದುತ್ತಿದ್ದಳು, ಇನ್ವೆಂಟರಿಗೆ, ಅಂದರೆ ಸ್ಟಾಕಿಗೆ, ಬೆಲೆ ಕಟ್ಟುವ ಅಕೌಂಟಿಂಗ್ ಸ್ಟ್ಯಾಂಡರ್ಡ್. ಸ್ಟಾಕನ್ನು ಕಾಸ್ಟ್ ಅಥವಾ ನೆಟ್ ರಿಯಲೈಸಬಲ್ ವ್ಯಾಲ್ಯೂ (ತಯಾರಿ ಮುಗಿಸಿ ಮಾರುವ ಖರ್ಚು ಕಳೆದು ಕೈಗೆ ಬರುವ ಬೆಲೆ), ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ಅವಳು ಕಚ್ಚಾ ಮಾಲಿನ ಹತ್ತಿರ ನಿಂತುಬಿಟ್ಟಳು. "ಚಿಕ್ಕಮ್ಮ, 500 ರೂಪಾಯಿಗೆ ತಂದ ನೂಲು ಈಗ ಮಾರ್ಕೆಟ್ಟಲ್ಲಿ 450 ಆಗಿದೆ. ಆದ್ರೂ ಪುಸ್ತಕದಲ್ಲಿ 500ಕ್ಕೇ ತೋರಿಸಿದ್ದಾರೆ. ತಪ್ಪಲ್ವಾ?" ಅಂತ ಫೋನ್ ಮಾಡಿದಳು. ನಾನು ಉತ್ತರ ಹೇಳಲಿಲ್ಲ, ಇನ್ನೊಂದು ಸಲ ಓದು ಅಂದೆ. ಮಾರನೇ ದಿನ ಅವಳೇ ಹೇಳಿದಳು: "ಆ ನೂಲನ್ನ ಮಾರಲ್ಲ, ನೇಯ್ತಾರೆ. ನೇಯ್ದ ಸೀರೆ ತನ್ನ ಕಾಸ್ಟಿಗೋ ಅದಕ್ಕಿಂತ ಜಾಸ್ತಿಗೋ ಹೋಗೋದಾದ್ರೆ ನೂಲಿನ ಬೆಲೆ ಇಳಿಸೋ ಹಾಗಿಲ್ಲ. ಸೀರೆನೇ ನಷ್ಟಕ್ಕೆ ಹೋದ್ರೆ ಆಗ ಇಳಿಸಬೇಕು." ಫೋನಿನಲ್ಲಿ ಅವಳ ದನಿ ಕೇಳಬೇಕಿತ್ತು ನೀವು. ಆ ರೂಲ್ ಇನ್ನು ಅವಳು ಜನ್ಮದಲ್ಲಿ ಮರೆಯುವುದಿಲ್ಲ. ಈ ಹುಡುಗಿಗೆ ನಿನ್ನೆ ಅವರು ಹೇಳಿದ್ದು, ನಿನ್ನ ಕೈಲಿ ಆಗಲ್ಲ ಅಂತ.

ಪಾಸಾಗುವವರೇ ಕಡಿಮೆ, ಹೆದರಿಸದೆ ಏನು ಮಾಡೋದು ಅಂತ ಕೆಲವರು ಕೇಳಬಹುದು. ನಿಜ, 2024ರ ಮೇ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು 18.42 ಪರ್ಸೆಂಟ್. ಆದರೆ ಆ ಅಂಕಿಯಲ್ಲಿ ಯಾರು ಕೋಚಿಂಗಿಗೆ ಹೋದವರು, ಯಾರು ಹೋಗದವರು ಅಂತ ಬರೆದಿಲ್ಲ. ಫೇಲ್ ಆದವರೆಲ್ಲ ಮನೆಯಲ್ಲಿ ಓದಿದವರು ಅಂತ ಯಾರು ಹೇಳಿದರು? ನನ್ನ ಜೊತೆ ಪರೀಕ್ಷೆ ಬರೆದು ಮತ್ತೆ ಮತ್ತೆ ಸೋತವರಲ್ಲಿ ದೊಡ್ಡ ದೊಡ್ಡ ಕ್ಲಾಸಿಗೆ ಹೋದವರೂ ಇದ್ದರು. ಪಾಪ, ಅವರದೂ ತಪ್ಪಲ್ಲ, ಪರೀಕ್ಷೆ ಕಷ್ಟವೇ. ಕೋಚಿಂಗ್ ಬೇಕಾದವರು ಹೋಗಲಿ, ನನ್ನ ತಕರಾರಿಲ್ಲ. ಹೋಗಲಾಗದವರನ್ನು ಮೊದಲೇ ಸೋತವರ ಸಾಲಿಗೆ ಸೇರಿಸಬೇಡಿ.

ನಮ್ಮ ಮಕ್ಕಳಿಗೆ ನಿಜವಾದ ಕಷ್ಟ ಬೇರೆ ಇದೆ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಇಲ್ಲಾ ಹಿಂದಿಯಲ್ಲಿ. ಕನ್ನಡದಲ್ಲಿ ಇಲ್ಲ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಕಂಪನಿ ಕಾಯ್ದೆಯ ಒಂದು ಸೆಕ್ಷನ್ ಓದಲು ಡಿಕ್ಷನರಿ ಪಕ್ಕದಲ್ಲಿಟ್ಟುಕೊಳ್ಳುತ್ತಾಳೆ. ಹಿಂದಿಗೆ ಇರುವ ಅವಕಾಶ ಕನ್ನಡಕ್ಕೂ ಇರಬೇಕು. ಗೃಹಪ್ರವೇಶದ ಊಟಕ್ಕೆ ಕೂತವರು ಇದರ ಬಗ್ಗೆ ಸಿಟ್ಟಾಗಲಿ, ನಾನೂ ದನಿಗೂಡಿಸುತ್ತೇನೆ.

ಇನ್ನೊಂದು ಕೊರತೆ, ಬರೆದದ್ದನ್ನು ನೋಡುವವರಿಲ್ಲ. ಪಾಠ ಮಾಡುವವರು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ನೀನು ಬರೆದ ಉತ್ತರದಲ್ಲಿ ಇಲ್ಲಿ ಅಂಕ ಹೋಯಿತು ಅಂತ ಗೆರೆ ಎಳೆದು ತೋರಿಸುವವರು ಸಿಗುವುದಿಲ್ಲ. ಲಾ ಪೇಪರಿನಲ್ಲಿ ಮೊದಲು ಕಾಯ್ದೆ ಏನು ಹೇಳುತ್ತದೆ ಬರೆಯಬೇಕು. ಆಮೇಲೆ ಅದು ಈ ಪ್ರಶ್ನೆಗೆ ಹೇಗೆ ಅನ್ವಯಿಸುತ್ತದೆ, ಕೊನೆಗೆ ತೀರ್ಮಾನ. ನಮ್ಮ ಹುಡುಗಿ ಮೊದಮೊದಲು ಬರೀ ತೀರ್ಮಾನ ಬರೆದು ಫೋಟೋ ಕಳಿಸುತ್ತಿದ್ದಳು. ಉತ್ತರ ಸರಿ ಇರುತ್ತಿತ್ತು, ಅಂಕ ಬರುತ್ತಿರಲಿಲ್ಲ. ಈಗ ಅವಳ ಉತ್ತರ ಓದಿದರೆ ಖುಷಿಯಾಗುತ್ತದೆ. ಕಾಸ್ಟಿಂಗ್‌ನಲ್ಲೂ ಇದೇ ಕಥೆ. ವರ್ಕಿಂಗ್ ನೋಟ್ (ಲೆಕ್ಕ ಮಾಡಿದ ಹಂತಗಳು) ತೋರಿಸದೆ ಉತ್ತರ ಮಾತ್ರ ಬರೆದರೆ, ಒಂದು ಕಡೆ ಕೂಡುವುದು ತಪ್ಪಿದರೂ ಎಲ್ಲಾ ಹೋಯಿತು. ಇದನ್ನು ಹೇಳಲು ಲಕ್ಷ ರೂಪಾಯಿ ಬೇಕಿಲ್ಲ, ವಾರಕ್ಕೆ ಒಂದು ಗಂಟೆ ಕೂತು ನೋಡುವ ಮನಸ್ಸಿರುವ ಒಬ್ಬರು ಸಾಕು.

ಅದಕ್ಕೇ ಕೇಳುತ್ತಿದ್ದೇನೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆ ಯಾರಾದರೂ ಒಬ್ಬರೇ ಕೂತು ಇಂಟರ್ ಓದುತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಲಾ, ಆಡಿಟ್ ಉತ್ತರಗಳನ್ನು ನಾನು ನೋಡಿಕೊಡುತ್ತೇನೆ, ದುಡ್ಡು ಬೇಡ. ಮೂರು ಗಂಟೆ ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ ಬರೆದದ್ದನ್ನು ಕಳಿಸಿ. ಕಾಸ್ಟಿಂಗ್, ಟ್ಯಾಕ್ಸ್ ನೋಡಿಕೊಡಲು ಗೆಳೆಯರಲ್ಲಿ ಯಾರಾದರೂ ಸಿಎಗಳು ಸಿದ್ಧರಿದ್ದರೆ ಕೆಳಗೆ ಹೆಸರು ಬರೆಯಿರಿ. ನಾನೇ ಫೋನ್ ಮಾಡುತ್ತೇನೆ.