ಘಾಟಿಯಲ್ಲಿ ಸೀಟ್ ಬೆಲ್ಟ್ ಬೇಡವೇ? ಸತ್ಯಾಂಶ ಇಲ್ಲಿದೆ

"ಚಾರ್ಮಾಡಿಯಲ್ಲಿ ಬೆಲ್ಟ್ ಬಿಚ್ಚಿ, ಕಾರು ಉರುಳಿದರೆ ಹೊರಗೆ ಹಾರಬಹುದು" ಎಂಬ ವಾಟ್ಸಾಪ್ ಸಂದೇಶವನ್ನು ಮೂಡಿಗೆರೆ ಕಡೆಯವರು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅದು ಸುಳ್ಳು.

ಉರುಳುವ ಕಾರಿನಿಂದ ಯಾರೂ ಹಾರುವುದಿಲ್ಲ, ಎಸೆಯಲ್ಪಡುತ್ತಾರೆ. ಹಾಗೆ ಆಚೆ ಬಿದ್ದವರ ಮೇಲೇ ಕಾರು ಮಗುಚುವುದುಂಟು. ಬೆಲ್ಟ್ ಹಾಕಿಕೊಂಡು ಒಳಗೇ ಉಳಿದವರು ಬದುಕುವ ಸಾಧ್ಯತೆ ಬಹಳ ಹೆಚ್ಚು.

ಗಂಟೆಗೆ 50 ಕಿ.ಮೀ. ವೇಗದ ಡಿಕ್ಕಿಯೆಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಂತೆ. ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತ ಅಜ್ಜಿ ಅದೇ ರಭಸದಲ್ಲಿ ಮುಂದೆ ಕೂತ ಮಗನ ಬೆನ್ನಿಗೆ ಅಪ್ಪಳಿಸುತ್ತಾರೆ. ಹಿಂದಿನವರಿಗೂ ಬೆಲ್ಟ್ ಕಡ್ಡಾಯವಾಗಿರುವುದು ಇದಕ್ಕೇ.

ನಮ್ಮೂರಿನ ಎಷ್ಟೋ ಕಾರುಗಳಲ್ಲಿ ಹಿಂದಿನ ಬಕಲ್ ಸೀಟ್ ಕವರಿನಡಿ ಹೂತಿರುತ್ತದೆ. ಇವತ್ತೇ ಎಳೆದು ಹೊರಗೆ ತೆಗೆಯಿರಿ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು.