ಹಿತ್ತಲಿನ ತಗ್ಗು

ನಮ್ಮ ಹಿತ್ತಲಿನ ಹುಲ್ಲಿನ ನಡುವೆ ಒಂದು ತಗ್ಗು ಇದೆ. ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ, ಅಗಲ ಅದಕ್ಕಿಂತ ಕಮ್ಮಿ. ಮಳೆ ಬಂದರೆ ಮೊದಲು ನೀರು ನಿಲ್ಲುವುದು ಅಲ್ಲೇ. ದಕ್ಷಿಣ ಲಂಡನ್ನಿನ ಈ ಮನೆಗೆ ಬಂದು ಆರು ವರ್ಷವಾಯಿತು. ನಮ್ಮ ಮನೆಯವರು ಎರಡು ಸಲ ಮಣ್ಣು ತಂದು ತುಂಬಿದರು, ಎರಡು ಸಲವೂ ಕೂತುಹೋಯಿತು. ತಗ್ಗಿನಾಚೆ ಬೇಲಿಗೆ ಒತ್ತಿಕೊಂಡು ಜಿಂಕ್ ಶೀಟಿನ ಒಂದು ಹಳೆಯ ಶೆಡ್ಡು, ಅದರ ಮೇಲ್ಭಾಗ ಎತ್ತಿನಗಾಡಿಯ ಕಮಾನಿನ ಹಾಗೆ ಬಾಗಿದೆ. ಹುಲ್ಲು ಕತ್ತರಿಸುವ ಮಷೀನು, ಮಕ್ಕಳ ಹಳೇ ಸೈಕಲ್ಲು, ಖಾಲಿ ಕುಂಡಗಳನ್ನು ಅದರೊಳಗೆ ತುಂಬಿಟ್ಟಿದ್ದೆವು. ಕಳೆದ ಬೇಸಿಗೆಯಲ್ಲಿ ಅದನ್ನು ಬಿಚ್ಚಿಸಿ ಗುಜರಿಗೆ ಹಾಕಿ, ತಗ್ಗು ಮುಚ್ಚಿಸಿ ಪೂರ್ತಿ ಕಲ್ಲು ಹಾಸಿಸುವುದೆಂದು ತೀರ್ಮಾನ ಮಾಡಿದ್ದೆವು.

ಕೆಲಸದವರು ಅಳತೆ ತೆಗೆದುಕೊಂಡು ಹೋದ ಸಂಜೆ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೇಳಿದರು: "ಅದನ್ನು ತೆಗೆಸುತ್ತೀರಾ?"

"ಹೌದು, ತುಕ್ಕು ಹಿಡಿದಿದೆ, ಮಕ್ಕಳಿಗೆ ತಗುಲೀತು ಅಂತ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಅದರೊಳಗೆ ಮಲಗಿದ್ದೇನೆ. ಒಂದಿಡೀ ಚಳಿಗಾಲ" ಎಂದರು.

ಅವರು ಹುಟ್ಟಿದ್ದು 1934ರಲ್ಲಿ. ಬೆಳೆದದ್ದು, ಈಗ ಇರುವುದು, ಎರಡೂ ಅದೇ ಮನೆಯಲ್ಲಿ. ಆರು ವರ್ಷ ನಾವು ಬೇಲಿಯ ಮೇಲಿನಿಂದ ಹವಾಮಾನ, ಗುಲಾಬಿ, ಮೊಣಕಾಲು ನೋವು ಇಷ್ಟನ್ನೇ ಮಾತಾಡಿಕೊಂಡಿದ್ದೆವು. ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ನಾವು ಶೆಡ್ಡು ಅಂದುಕೊಂಡಿದ್ದು ಆಂಡರ್ಸನ್ ಶೆಲ್ಟರ್. ಎರಡನೇ ಮಹಾಯುದ್ಧಕ್ಕೆ ಮುಂಚೆ, ಜರ್ಮನಿಯ ವಿಮಾನಗಳು ಬಂದೇ ಬರುತ್ತವೆ ಎಂಬ ಭಯದಲ್ಲಿ ಬ್ರಿಟಿಷ್ ಸರ್ಕಾರ ಮನೆಮನೆಗೆ ಹಂಚಿದ ಬಾಂಬು ದಾಳಿಯ ಆಸರೆ. ಮೊದಲ ಶೆಲ್ಟರ್‌ಗಳು ಬಂದದ್ದು 1939ರ ಫೆಬ್ರವರಿಯಲ್ಲಿ, ಲಂಡನ್ನಿನ ಇಸ್ಲಿಂಗ್ಟನ್‌ಗೆ. ಯುದ್ಧ ಶುರುವಾಗುವಷ್ಟರಲ್ಲಿ ಸುಮಾರು 15 ಲಕ್ಷ, ಯುದ್ಧ ಮುಗಿಯುವಷ್ಟರಲ್ಲಿ 36 ಲಕ್ಷ. ಬಾಗಿದ ಆರು ಶೀಟುಗಳನ್ನು ನೆತ್ತಿಯಲ್ಲಿ ಬೋಲ್ಟು ಹಾಕಿ ಸೇರಿಸಬೇಕು, ಎರಡು ತುದಿಗೆ ನೇರ ಶೀಟು. ಎತ್ತರ 6 ಅಡಿ, ಅಗಲ ನಾಲ್ಕೂವರೆ, ಉದ್ದ ಆರೂವರೆ. ನೆಲದೊಳಗೆ 4 ಅಡಿ ಗುಂಡಿ ತೋಡಿ ಅದನ್ನು ಇಳಿಸಿ, ಮೇಲೆ ಕನಿಷ್ಠ 15 ಅಂಗುಲ ಮಣ್ಣು ಮುಚ್ಚಬೇಕು. ಕಾಪಾಡುತ್ತಿದ್ದದ್ದು ತಗಡಿಗಿಂತ ಹೆಚ್ಚಾಗಿ ಆ ಮಣ್ಣು. ಬಾಂಬು ನೇರವಾಗಿ ಬಿದ್ದರೆ ಏನೂ ಉಳಿಯುತ್ತಿರಲಿಲ್ಲ, ಆದರೆ ಪಕ್ಕದಲ್ಲಿ ಬಿದ್ದರೆ ಸ್ಫೋಟದ ಹೊಡೆತವನ್ನೂ ಚೂರುಗಳನ್ನೂ ಮಣ್ಣು ಹೀರಿಕೊಳ್ಳುತ್ತಿತ್ತು. ಹಿತ್ತಲಿನ ಆ ತಗ್ಗು ಏನೆಂದು ಆಗ ನನಗೆ ಗೊತ್ತಾಯಿತು. ಯುದ್ಧ ಮುಗಿದ ಮೇಲೆ ಯಾರೋ ಶೀಟುಗಳನ್ನು ಅಗೆದು ತೆಗೆದು ಬೇಲಿ ಪಕ್ಕ ಶೆಡ್ಡಾಗಿ ನಿಲ್ಲಿಸಿದ್ದಾರೆ. ಗುಂಡಿಗೆ ಸಡಿಲ ಮಣ್ಣು ಎಳೆದು ಬಿಟ್ಟಿದ್ದಾರೆ. ಅದು ಇನ್ನೂ ಕೂರುತ್ತಲೇ ಇದೆ.

ಅಜ್ಜಿಯ ಮನೆಯಲ್ಲೂ ಒಂದು ಶೆಲ್ಟರ್ ಇತ್ತಂತೆ. ಅದರೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಲಂಡನ್ನಿನದು ಜೇಡಿಮಣ್ಣು, ನೀರು ಇಂಗುವುದಿಲ್ಲ. ಅವರಪ್ಪ ದಿನಾ ಸಂಜೆ ಕೆಲಸದಿಂದ ಬಂದು ಬಕೆಟಿನಲ್ಲಿ ನೀರು ಮೊಗೆದು ಹೊರಗೆ ಹಾಕುತ್ತಿದ್ದರು, ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿರುತ್ತಿತ್ತು. ಕೊನೆಗೆ ನಮ್ಮ ಮನೆಯಲ್ಲಿ ಆಗ ಇದ್ದವರು, "ಇಲ್ಲಿಗೇ ಬನ್ನಿ" ಎಂದು ಕರೆದರಂತೆ. ಆರು ಜನಕ್ಕೆಂದು ಮಾಡಿದ್ದರಲ್ಲಿ ಎಂಟು ಜನ. ದೊಡ್ಡವರು ಎರಡೂ ಕಡೆ ಹಲಗೆಯ ಮೇಲೆ, ಮಕ್ಕಳು ಅಡ್ಡಡ್ಡ. ಬೆಚ್ಚಗಿರಲೆಂದು ಮಣ್ಣಿನ ಕುಂಡವನ್ನು ಬೋರಲು ಹಾಕಿ ಕೆಳಗೆ ಮೇಣದಬತ್ತಿ ಹಚ್ಚುತ್ತಿದ್ದರು. ಎಂಟು ಜನರ ಉಸಿರು ತಣ್ಣನೆಯ ತಗಡಿಗೆ ತಾಗಿ ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಮೂಲೆಯಲ್ಲಿ ಒಂದು ಬಕೆಟು, ಅದಕ್ಕೊಂದು ಗೋಣಿಯ ಪರದೆ. "ಬಾಂಬಿಗಿಂತ ಆ ಬಕೆಟಿಗೆ ಹೆಚ್ಚು ಹೆದರುತ್ತಿದ್ದೆ, ಎಲ್ಲರ ಎದುರು ಹೋಗಬೇಕಲ್ಲ" ಎಂದು ಅಜ್ಜಿ ಹೇಳಿದಾಗ ಅವರ ಮುಖದಲ್ಲಿ ಆರು ವರ್ಷದ ಹುಡುಗಿಯ ನಾಚಿಕೆ ಹಾಗೇ ಇತ್ತು.

1940ರ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ಒಂದೂ ರಾತ್ರಿ ಬಿಡದೆ 57 ರಾತ್ರಿ ಬಾಂಬು ಬಿದ್ದಿತು. ಐವತ್ತೇಳು ರಾತ್ರಿ ಅಂದರೆ ಸುಮಾರು ಎರಡು ತಿಂಗಳು. ಮರುವರ್ಷ ಮೇ ತಿಂಗಳಲ್ಲಿ ದಾಳಿ ಇಳಿಮುಖವಾಗುವ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು. ಅಜ್ಜಿಗೆ ಸಂಖ್ಯೆ ಯಾವುದೂ ನೆನಪಿಲ್ಲ. ಶೆಲ್ಟರಿನ ನೆತ್ತಿಯ ಮಣ್ಣಿನಲ್ಲಿ ನಮ್ಮ ಮನೆಯಲ್ಲಿ ಆಗ ಇದ್ದವರು ಕುಂಬಳದ ಜಾತಿಯ ಒಂದು ತರಕಾರಿ ಬೆಳೆದಿದ್ದರೆಂದು, ಅದರ ಬಳ್ಳಿ ಬಾಗಿಲಿಗೆ ಇಳಿಬಿದ್ದಿತ್ತೆಂದು, ಬೆಳಿಗ್ಗೆ ಅಪಾಯ ಕಳೆದ ಸೈರನ್ ಕೂಗಿದ ಮೇಲೆ ಹೊರಗೆ ಬರುವಾಗ ಎಲೆಯ ಇಬ್ಬನಿ ತಲೆಗೆ ತಾಗುತ್ತಿತ್ತೆಂದು ನೆನಪಿದೆ. ತಮ್ಮನ ವಿಷಯ ಬಂದಾಗ ಮಾತ್ರ ಮಾತು ನಿಲ್ಲಿಸಿದರು. ನಾನು ಒತ್ತಾಯ ಮಾಡಲಿಲ್ಲ.

ಅಂದಿನಿಂದ ಈ ಶೆಲ್ಟರ್‌ಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಮನಸ್ಸಿಗೆ ಕಸಿವಿಸಿ. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯದವರಿಗೆ ಶೆಲ್ಟರ್ ಉಚಿತ, ಉಳಿದವರಿಗೆ 7 ಪೌಂಡು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಅದನ್ನು ಹೂಳಲು ಹಿತ್ತಲು ಬೇಕಲ್ಲ? ಬಾಂಬು ಅತಿ ಹೆಚ್ಚು ಬಿದ್ದದ್ದು ಲಂಡನ್ನಿನ ಪೂರ್ವ ಭಾಗದ ಹಡಗುಕಟ್ಟೆಗಳ ಸುತ್ತಮುತ್ತ. ಅಲ್ಲಿಯ ಕೂಲಿಕಾರರು ಒತ್ತೊತ್ತಾದ ಮನೆಗಳಲ್ಲಿದ್ದರು, ಅನೇಕರಿಗೆ ಅಂಗೈಯಗಲ ಮಣ್ಣೂ ಇರಲಿಲ್ಲ. ಅಂಥವರಿಗಾಗಿ ಬೀದಿಯಲ್ಲೇ ಇಟ್ಟಿಗೆಯ ಗೋಡೆ ಕಟ್ಟಿ ಕಾಂಕ್ರೀಟಿನ ಚಪ್ಪಡಿ ಮುಚ್ಚಿದ ಶೆಲ್ಟರ್‌ಗಳಾದವು. ಸಿಮೆಂಟಿನ ಕೊರತೆಯ ಕಾಲ. ಸರ್ಕಾರದ ಸೂಚನೆ ಅಸ್ಪಷ್ಟವಾಗಿದ್ದರಿಂದ ಕೆಲವೆಡೆ ಸಿಮೆಂಟೇ ಇಲ್ಲದೆ ಬರೀ ಸುಣ್ಣದ ಗಾರೆಯಲ್ಲಿ ಗೋಡೆ ಎಬ್ಬಿಸಿದರು. ಸ್ಫೋಟಕ್ಕೆ ಗೋಡೆ ಜರಿದು ಇಡೀ ಚಪ್ಪಡಿ ಒಳಗಿದ್ದವರ ಮೇಲೆ ಕೂತುಬಿಡುತ್ತಿತ್ತು. ಜನ ಅಲ್ಲಿಗೆ ಹೋಗುವುದನ್ನೇ ಬಿಟ್ಟರು.

1940ರ ಸೆಪ್ಟೆಂಬರ್ 14ರ ರಾತ್ರಿ ಸ್ಟೆಪ್ನಿ ಭಾಗದ ಕಾರ್ಮಿಕರು, ಹೆಂಗಸರು, ಮಕ್ಕಳು ಕೂಡಿಕೊಂಡು ಸೀದಾ ಸವಾಯ್ ಹೋಟೆಲಿಗೆ ನಡೆದರು. ಶ್ರೀಮಂತ ಅತಿಥಿಗಳಿಗೆ ಅಲ್ಲಿ ಹಾಸಿಗೆ ಹೊದಿಕೆ ಇದ್ದ ಶೆಲ್ಟರ್ ಇತ್ತು. ಮುಂದಾಳು ಫಿಲ್ ಪಿರಾಟಿನ್ ಎಂಬ ಕಮ್ಯುನಿಸ್ಟ್ ಕೌನ್ಸಿಲರ್. ಸುರಂಗ ರೈಲಿನ ನಿಲ್ದಾಣಗಳಲ್ಲಿ ಜನ ಮಲಗುವುದಕ್ಕೂ ಸರ್ಕಾರ ಮೊದಲು ಒಪ್ಪಿರಲಿಲ್ಲ. ಜನ ಟಿಕೆಟ್ ತೆಗೆದುಕೊಂಡು ಇಳಿದವರು ಮೇಲೆ ಬರಲೇ ಇಲ್ಲ, ಆಮೇಲೆ ಸರ್ಕಾರ ಒಪ್ಪಲೇಬೇಕಾಯಿತು. ಆದರೂ ಆ ನವೆಂಬರಿನ ಎಣಿಕೆಯಲ್ಲಿ ರೈಲು ನಿಲ್ದಾಣದಲ್ಲಿ ಮಲಗಿದವರು ಲಂಡನ್ನಿನ ಶೇಕಡಾ 4 ಮಂದಿ ಮಾತ್ರ. ಸಾರ್ವಜನಿಕ ಶೆಲ್ಟರ್‌ಗಳಲ್ಲಿ ಶೇಕಡಾ 9, ಮನೆಯ ಶೆಲ್ಟರ್‌ಗಳಲ್ಲಿ ಶೇಕಡಾ 27. ಉಳಿದ ಅರ್ಧಕ್ಕಿಂತ ಹೆಚ್ಚು ಜನ ರಾತ್ರಿ ಹೇಗೆ ಕಳೆದಿದ್ದಾರು ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ.

ಆಳವಾದ ಸುರಂಗಗಳನ್ನು ತೋಡಿ ಎಲ್ಲರಿಗೂ ಒಂದೇ ತೆರನ ರಕ್ಷಣೆ ಕೊಡಿ ಎಂದು ಕೇಳಿದವರೂ ಇದ್ದರು. ಸ್ಪೇನಿನ ಅಂತರ್ಯುದ್ಧದಲ್ಲಿ ಬಾಂಬು ದಾಳಿಯನ್ನು ಕಣ್ಣಾರೆ ಕಂಡು ಬಂದಿದ್ದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅದಕ್ಕಾಗಿ ಹೋರಾಡಿದರು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನರೇ ಇವರು. ಅವರ ಬೇಡಿಕೆಯನ್ನು 1939ರಲ್ಲಿ ತಳ್ಳಿಹಾಕಿದ್ದು ಲಾರ್ಡ್ ಹೇಲಿಯವರ ಸಮಿತಿ. ಖರ್ಚು, ಸಮಯ ಎಂಬ ಕಾರಣಗಳಿದ್ದವು. ಅವುಗಳ ಹಿಂದೆ, ಜನ ಒಮ್ಮೆ ಆಳಕ್ಕೆ ಇಳಿದರೆ ಹೆದರಿ ಅಲ್ಲೇ ಕೂರುತ್ತಾರೆ, ಕೆಲಸಕ್ಕೆ ಬರುವುದಿಲ್ಲ ಎಂಬ ಯೋಚನೆಯೂ ಇತ್ತು. ಹೇಲಿ ನಮ್ಮಲ್ಲಿ ಪಂಜಾಬಿನ, ಸಂಯುಕ್ತ ಪ್ರಾಂತದ ಗವರ್ನರ್ ಆಗಿದ್ದವರು. ಇನ್ನು ಈ ತಗಡಿಗೆ ಹೆಸರು ಕೊಟ್ಟ, ಬಾಂಬು ದಾಳಿಯಿಂದ ಜನರನ್ನು ಕಾಪಾಡುವ ಹೊಣೆ ಹೊತ್ತಿದ್ದ ಮಂತ್ರಿ ಸರ್ ಜಾನ್ ಆಂಡರ್ಸನ್? 1932ರಿಂದ 1937ರವರೆಗೆ ಬಂಗಾಳದ ಗವರ್ನರ್. 1934ರ ಮೇ 8ರಂದು ಡಾರ್ಜಿಲಿಂಗ್ ಬಳಿಯ ಲೆಬಾಂಗ್ ಕುದುರೆ ಓಟದ ಮೈದಾನದಲ್ಲಿ ಬಂಗಾಳದ ಕ್ರಾಂತಿಕಾರಿ ಹುಡುಗರು ಗುಂಡು ಹಾರಿಸಿದ್ದು ಇದೇ ಆಂಡರ್ಸನ್ ಮೇಲೆ. ನಮ್ಮ ದೇಶವನ್ನು ಆಳಿ ಮರಳಿದ ಇಬ್ಬರು ತಮ್ಮ ದೇಶದ ಬಡವರ ಪ್ರಾಣದ ಲೆಕ್ಕ ಹಾಕಿದ್ದು ಹೀಗೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ಇಲ್ಲಿ ಆ ಕಾಲದ ನೆನಪನ್ನು ಸಿಹಿ ಮಾಡಿ ಮಾರುವ ಅಭ್ಯಾಸ ನನಗೆ ಸಹಿಸಲಾಗುತ್ತಿಲ್ಲ. ಶಾಂತವಾಗಿರಿ, ಮುಂದುವರಿಯಿರಿ ಎಂಬ ಕೆಂಪು ಪೋಸ್ಟರಿನ ಮಾತು ಕಪ್ಪಿನ ಮೇಲೆ, ಚೀಲದ ಮೇಲೆ, ಎಲ್ಲೆಲ್ಲೂ ಇದೆ. ಅದು 1939ರಲ್ಲಿ ಅಚ್ಚಾದದ್ದು ನಿಜ, ಆದರೆ ಗೋಡೆಗಳಿಗೆ ಹತ್ತಿದ್ದೇ ಅಪರೂಪ. 2000ದಲ್ಲಿ ಒಂದು ಹಳೇ ಪುಸ್ತಕದಂಗಡಿಯಲ್ಲಿ ಪ್ರತಿ ಸಿಕ್ಕಿದ ಮೇಲೆಯೇ ಪ್ರಸಿದ್ಧವಾಯಿತು. ಪಕ್ಕದ ಮನೆಯ ಅಜ್ಜಿ ಅದನ್ನು ಯುದ್ಧಕಾಲದಲ್ಲಿ ಒಮ್ಮೆಯೂ ಕಂಡವರಲ್ಲ. "ನಾವು ಶಾಂತವಾಗಿರಲಿಲ್ಲ. ನಮ್ಮಮ್ಮ ರಾತ್ರಿಯೆಲ್ಲ ನಡುಗುತ್ತಿದ್ದಳು. ಬೇರೆ ದಾರಿಯಿಲ್ಲದೆ ಕೂತಿದ್ದೆವು" ಎನ್ನುತ್ತಾರೆ. ಶೆಲ್ಟರ್ ಆಗಿದ್ದ ಲಂಡನ್ನಿನ ಬೆತ್ನಲ್ ಗ್ರೀನ್ ಸುರಂಗ ರೈಲು ನಿಲ್ದಾಣದ ಮೆಟ್ಟಿಲಲ್ಲಿ 1943ರ ಮಾರ್ಚ್ 3ರಂದು ಒಂದೂ ಬಾಂಬು ಬೀಳದೆ ನೂಕುನುಗ್ಗಲಲ್ಲೇ 173 ಜನ ಸತ್ತರು. ಬಹುಪಾಲು ಹೆಂಗಸರು, ಮಕ್ಕಳು. ವಿಚಾರಣೆಯ ವರದಿಯನ್ನು ಬಹುಕಾಲ ಹೊರಗೆ ಬಿಡಲಿಲ್ಲ. ಅವರ ಸ್ಮಾರಕ ಪೂರ್ತಿಯಾದದ್ದು 2017ರಲ್ಲಿ, ಅದೂ ಬದುಕುಳಿದವರು, ಸತ್ತವರ ಮನೆಯವರು ವರ್ಷಗಟ್ಟಲೆ ಓಡಾಡಿದ ಮೇಲೆ.

ಆದ್ದರಿಂದ ಉಳಿದಿರುವುದನ್ನು ಉಳಿಸಬೇಕು ಎನ್ನುತ್ತೇನೆ. ವೆಸ್ಟ್‌ಮಿನ್‌ಸ್ಟರ್‌ನ ಲಾರ್ಡ್ ನಾರ್ತ್ ಬೀದಿಯ ಗೋಡೆಗಳ ಮೇಲೆ, ಶೆಲ್ಟರ್ ಎಲ್ಲಿದೆಯೆಂದು ತೋರಿಸುವ ಅಂದಿನ ಅಕ್ಷರಗಳು ಮಾಸಿದರೂ ಇನ್ನೂ ಓದಲು ಬರುತ್ತವೆ. ನಮ್ಮ ಕಡೆಯ ಕೆಲವು ಹಳೆಯ ವಸತಿ ಸಮುಚ್ಚಯಗಳ ಬೇಲಿಗಳನ್ನು ಗಮನಿಸಿ ನೋಡಿ. ಕಬ್ಬಿಣದ ಜಾಲರಿ, ಎರಡು ತುದಿಯಲ್ಲಿ ಸಣ್ಣ ಡೊಂಕು. ಅವು ಬೇಲಿಗೆಂದು ಮಾಡಿದವಲ್ಲ, ಬಾಂಬಿನಲ್ಲಿ ಗಾಯಗೊಂಡವರನ್ನು ಹೊರಲು ಮಾಡಿಟ್ಟಿದ್ದ ಸ್ಟ್ರೆಚರ್‌ಗಳು. ನೆಲಕ್ಕೆ ತಾಗದಿರಲೆಂದು ಕೊಟ್ಟ ಕಾಲುಗಳೇ ಆ ಡೊಂಕುಗಳು. ನಾನು ನಾಲ್ಕು ವರ್ಷ ಅದೇ ಬೇಲಿಯ ಪಕ್ಕದಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬಂದಿದ್ದೇನೆ. ತುಕ್ಕು ಹಿಡಿದಿವೆಯೆಂದು ಅನೇಕ ಕಡೆ ಕಿತ್ತು ಎಸೆದಾಗಿದೆ. ಕ್ಲ್ಯಾಪಮ್ ಸೌತ್ ನಿಲ್ದಾಣದ ಕೆಳಗೆ, ತಡವಾಗಿಯಾದರೂ ತೋಡಿದ ಎಂಟು ಆಳದ ಶೆಲ್ಟರ್‌ಗಳಲ್ಲಿ ಒಂದಿದೆ. 1948ರಲ್ಲಿ ವಿಂಡ್‌ರಶ್ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದಿಳಿದವರಲ್ಲಿ ತಂಗಲು ಜಾಗವಿಲ್ಲದ ಇನ್ನೂರಕ್ಕೂ ಹೆಚ್ಚು ಜನರನ್ನು ಮಲಗಿಸಿದ್ದು ಅಲ್ಲೇ. ಹೊರಗಿನಿಂದ ಬಂದು ಇಲ್ಲಿ ಮನೆ ಮಾಡಿದ ನನ್ನಂಥವಳಿಗೆ ಆ ಜಾಗ ಬೇರೆಯವರ ಚರಿತ್ರೆ ಎನ್ನಿಸುವುದಿಲ್ಲ.

ಇದೆಲ್ಲ ತಲೆಯಲ್ಲಿದ್ದ ದಿನಗಳಲ್ಲೇ ಒಮ್ಮೆ ಫೋನಿನಲ್ಲಿ ಅಮ್ಮನಿಗೆ ಅಜ್ಜಿಯ ಕಥೆ ಹೇಳಿದೆ. ಅಮ್ಮ, "1971ರ ಡಿಸೆಂಬರಲ್ಲಿ ನಾನೂ ಕೂತಿದ್ದೆ ಕಣೇ" ಎಂದುಬಿಟ್ಟರು. ಮದುವೆಯಾದ ಹೊಸದು, ಬೊಂಬಾಯಿಯ ಮಾಟುಂಗಾದಲ್ಲಿ ಬಾಡಿಗೆ ಮನೆ. ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದು, ಸೈರನ್ ಕೂಗಿದ ಕೂಡಲೇ ಒಲೆ ಆರಿಸಿ ಮೂರು ಮಹಡಿ ಇಳಿದು ಮೆಟ್ಟಿಲ ಕೆಳಗೆ ಬಿಲ್ಡಿಂಗಿನವರೆಲ್ಲ ಕತ್ತಲಲ್ಲಿ ಕೂತದ್ದು, ಒಬ್ಬ ಗುಜರಾತಿ ಹೆಂಗಸು ಎಲ್ಲರ ಕೈಗೂ ಬೆಲ್ಲ ಕೊಟ್ಟದ್ದು. ಯುದ್ಧ ಮುಗಿದ ಮೇಲೆ ಆ ಕಪ್ಪು ಕಾಗದವನ್ನು ಅಡುಗೆಮನೆಯ ಕಪಾಟಿಗೆ ಹಾಸಿದರಂತೆ. ನಾನು ಹುಟ್ಟಿ ಇಷ್ಟು ವರ್ಷವಾಯಿತು, ಅಮ್ಮನ ಬಾಯಿಂದ ಈ ಮಾತು ಕೇಳಿದ್ದು ಇದೇ ಮೊದಲು.

ನಮ್ಮ ಮಕ್ಕಳ ಕಾಲದಲ್ಲೂ ಇದು ಮುಗಿದಿಲ್ಲ. 2022ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಕನ್ನಡದ ಮಕ್ಕಳೂ ನೆಲಮಾಳಿಗೆಗಳಲ್ಲಿ ದಿನ ಕಳೆದರು. ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮಾರ್ಚ್ 1ರಂದು ತಿನ್ನಲು ಏನಾದರೂ ತರಲು ಹೊರಗೆ ಹೋದವನು ಬರಲಿಲ್ಲ. ಅವನ ಜೊತೆ ಕೆಳಗೆ ಕೂತಿದ್ದವರು ಈಗ ಎಲ್ಲೆಲ್ಲೋ ಡಾಕ್ಟರಾಗಿರಬಹುದು. ಆ ದಿನಗಳ ಬಗ್ಗೆ ಅವರನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದಾರೆಯೇ?

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡಿರುವ ಕನ್ನಡದ ಗೆಳೆಯರೇ, ನಿಮ್ಮ ಹಿತ್ತಲಲ್ಲಿ ನೆತ್ತಿ ಬಾಗಿದ ಜಿಂಕ್ ಶೀಟಿನ ಶೆಡ್ಡು ಇದ್ದರೆ ಗುಜರಿಗೆ ಕೊಡಬೇಡಿ. ಉಳಿಸಿಕೊಳ್ಳಲು ಆಗುವುದೇ ಇಲ್ಲ ಎಂದಾದರೆ ಮೊದಲು ಫೋಟೋ ತೆಗೆಯಿರಿ, ಅಳತೆ ಬರೆದಿಡಿ, ಊರಿನ ಮ್ಯೂಸಿಯಮ್ಮಿಗೆ ಬೇಕೇ ಎಂದು ಕೇಳಿ. ಅದಕ್ಕಿಂತ ಮೊದಲು ಬೀದಿಯಲ್ಲಿ ತೊಂಬತ್ತು ದಾಟಿದವರು ಯಾರಿದ್ದಾರೆ ನೋಡಿ, ಒಂದು ಕಪ್ ಟೀ ಕುಡಿಯಲು ಕರೆಯಿರಿ. ಯುದ್ಧದಲ್ಲಿ ಮಕ್ಕಳಾಗಿದ್ದವರೇ ಈಗ ಕೊನೆಯ ಸಾಕ್ಷಿಗಳು. ಅವರ ಅಪ್ಪ ಅಮ್ಮಂದಿರು ಯಾರೂ ಉಳಿದಿಲ್ಲ.

ನಾವು ಕಲ್ಲು ಹಾಸಿಸುವುದನ್ನು ಬಿಟ್ಟೆವು. ಮನೆಯವರು ಶೀಟುಗಳ ತುಕ್ಕು ಉಜ್ಜಿ ಎಣ್ಣೆ ಸವರಿದ್ದಾರೆ, ಸೈಕಲ್ಲುಗಳು ಗ್ಯಾರೇಜಿಗೆ ಹೋಗಿವೆ. ತಗ್ಗಿಗೆ ಇನ್ನು ಮಣ್ಣು ತುಂಬುವುದಿಲ್ಲ. ಅದರ ಅಂಚಿಗೆ ಮಗಳು ಕುಂಬಳದ ಬೀಜ ಹಾಕಿದ್ದಾಳೆ, ಎರಡೆಲೆ ಬಂದಿವೆ. ಭಾನುವಾರ ಅಜ್ಜಿ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ತಮ್ಮನ ವಿಷಯ ಹೇಳುತ್ತೇನೆ, ಬರೆದುಕೋ ಎಂದಿದ್ದಾರೆ.