ನ್ಯೂಸ್‌ಗೂ ನಾಲ್ಕು ದಿಕ್ಕಿಗೂ ಎಲ್ಲಿಯ ನಂಟು?

ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕು ದಿಕ್ಕಿನಿಂದ ಬರೋದಕ್ಕೇ ಅದು 'ನ್ಯೂಸ್' ಅಂತೆ! ವಾಟ್ಸಾಪ್‌ನಲ್ಲಿ ಈ 'ಸಾಮಾನ್ಯ ಜ್ಞಾನ' ಮತ್ತೆ ಮತ್ತೆ ಬರುತ್ತೆ, ಮಕ್ಕಳು ಅದನ್ನೇ ಬಾಯಿಪಾಠ ಮಾಡ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

'ನ್ಯೂ' ಅಂದ್ರೆ ಹೊಸದು. ಅದಕ್ಕೆ ಬಹುವಚನದ ಎಸ್ ಸೇರಿ ನ್ಯೂಸ್ ಆಯಿತು: ಹೊಸ ಸಂಗತಿಗಳು, ಅಷ್ಟೇ. ಫ್ರೆಂಚಿನ 'ನೂವೆಲ್' ಇದಕ್ಕೆ ಮಾದರಿ. ಹಳೆಯ ಕಾಗುಣಿತದಲ್ಲಿ ಡಬ್ಲ್ಯು ಆದಮೇಲೆ ಇನ್ನೊಂದು ಇ ಇರುತ್ತಿತ್ತು. ಆ ಎರಡನೇ ಇ ಯಾವ ದಿಕ್ಕು ಸ್ವಾಮಿ? 16ನೇ ಶತಮಾನದಲ್ಲಿ 'ದೀಸ್ ನ್ಯೂಸ್' ಅಂತ ಬಹುವಚನದಲ್ಲೂ ಬಳಸುತ್ತಿದ್ದರು. ಸಂಸ್ಕೃತದ 'ನವ', ಲ್ಯಾಟಿನ್ನಿನ 'ನೋವುಸ್' ಇದರ ದಾಯಾದಿಗಳು. ನಮ್ಮ 'ಹೊಸ' ಮಾತ್ರ ಬೇರೆ ಮನೆತನ, ಹಳಗನ್ನಡದ 'ಪೊಸ'ದಿಂದ ಬಂದದ್ದು. ಇಷ್ಟು ಚೆಂದದ ವಂಶಾವಳಿ ಬಿಟ್ಟು ದಿಕ್ಕುಗಳ ಕಟ್ಟುಕಥೆ ಯಾಕೆ?

ಮೊದಲಕ್ಷರ ಜೋಡಿಸಿ ಪದ ಕಟ್ಟೋ ರೂಢಿ ಇಂಗ್ಲಿಷಿನಲ್ಲಿ ಬೆಳೆದದ್ದೇ 20ನೇ ಶತಮಾನದಲ್ಲಿ. ನ್ಯೂಸ್ ಅದಕ್ಕಿಂತ 400 ವರ್ಷಕ್ಕೂ ಹಳೆಯದು. ಹೋಟೆಲಿನಲ್ಲಿ ಕೊಡೋ 'ಟಿಪ್' ಪದಕ್ಕೂ ಇದೇ ಗತಿ, ಅದಕ್ಕೂ ಹೀಗೇ ಮೊದಲಕ್ಷರಗಳ ಕಥೆ ಕಟ್ಟಿದ್ದಾರೆ. ಹಳೆಯ ಪದಕ್ಕೆ ಯಾರಾದರೂ 'ಫುಲ್ ಫಾರ್ಮ್' ಹೇಳಿದರೆ ವ್ಯುತ್ಪತ್ತಿ, ಅಂದ್ರೆ ಪದದ ಮೂಲ, ಕೊಡುವ ನಿಘಂಟು ತೆಗೆಯಿರಿ. ಮೊದಲ ಬಳಕೆಯ ಕಾಲ, ಹಳೆಯ ಕಾಗುಣಿತ ಎರಡನ್ನೂ ನೋಡಿ, ಆಮೇಲೆ ಫಾರ್ವರ್ಡ್ ಮಾಡಿ.